ಶಿರಾಜೋ ಶಿರಾಡಿಯೋ

ಸಿನಿಮಾ ನೋಡುವಾಗ ನೆಮ್ಮದಿಯಾಗಿ ಕೂರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ತೆರೆಯ ಮೇಲೆ ರಾಜಕುಮಾರ ಕುದುರೆ ಹತ್ತಿದನೋ ಇಲ್ಲವೋ, ಪಕ್ಕದವರು ಕಡಲೆಕಾಯಿ ಬಿಡಿಸುತ್ತಾ ಅವನ ಜೊತೆಯೇ ಹೊರಟುಬಿಡುತ್ತಾರೆ. ನಾನು ಮಾತ್ರ ಅವನ ಕಾಲಿನ ಬೂಟು ಯಾವ ಶತಮಾನದ್ದೆಂದು ತರ್ಕಿಸುತ್ತಾ ಹಿಂದೆ ಉಳಿದಿರುತ್ತೇನೆ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ಹೊಟ್ಟೆ ಹೊರೆದವನ ಪ್ರಾರಬ್ಧವಿದು. ಮೌರ್ಯರ ಅರಮನೆಯಲ್ಲಿ ಗೋಡೆ ಗಡಿಯಾರ ಕಂಡರೆ ಉಳಿದವರಿಗೆ ಅದೊಂದು ಅಲಂಕಾರ, ನನಗೆ ಅಪಸ್ಮಾರ. ನನ್ನ ಹೆಂಡತಿ ಮದುವೆಯ ಹೊಸತರಲ್ಲೇ ನನ್ನ ಜೊತೆ ಚಿತ್ರಮಂದಿರಕ್ಕೆ ಬರುವುದನ್ನು ಬಿಟ್ಟು, ಪಕ್ಕದ ಮನೆಯವರೊಂದಿಗೆ ಹೋಗಿಬರುತ್ತಾ ಸುಖವಾಗಿದ್ದಾಳೆ.

ಈ ವ್ಯಾಧಿ ವಿಪರೀತಕ್ಕೇರಿದ್ದು ಆಲೂರಿನಲ್ಲಿ, ನಾನಿನ್ನೂ ಬ್ರಹ್ಮಚಾರಿಯಾಗಿದ್ದಾಗ. ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾಗಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಈರೇಗೌಡರೆಂಬ ಸಣ್ಣ ಕಾಫಿ ಬೆಳೆಗಾರರ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಗೌಡರು ಒಳ್ಳೆಯವರು, ಆದರೆ ಮರ್ಯಾದೆಯ ವಿಷಯದಲ್ಲಿ ಮಹಾ ಸೂಕ್ಷ್ಮ. ಅವರ ಹೆಂಡತಿ ನಿಂಗಮ್ಮನ ತವರು ಮಾರನಹಳ್ಳಿಯಾಚೆ ಘಾಟಿ ಇಳಿದರೆ ಸಿಗುವ ಶಿರಾಡಿ. ನಿಂಗಮ್ಮನ ತಮ್ಮನ ಮದುವೆಯಲ್ಲಿ ಯಾರದೋ ಗಡಿಬಿಡಿಯಿಂದ ಈ ಹಿರಿಯಳಿಯನಿಗೆ ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿಬಿಟ್ಟರಂತೆ. ಗೌಡರು ಊಟ ಬಿಟ್ಟು ಎದ್ದರು, ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿದರು, ಅಲ್ಲಿಗೆ ತವರಿನ ಬಾಗಿಲು ಮುಚ್ಚಿತು. ಮುಚ್ಚಿದ್ದು ಬಾಗಿಲಷ್ಟೇ ಅಲ್ಲ, ಆ ಊರಿನ ಹೆಸರನ್ನೂ ಮನೆಯೊಳಗೆ ಯಾರೂ ಎತ್ತುವಂತಿರಲಿಲ್ಲ. ಅನಿವಾರ್ಯವಾದರೆ "ಆ ಕಡೆ" ಎನ್ನಬೇಕು. ಗೌಡರಿಗೆ ಕೋಪ ಹೆಚ್ಚಾದ ದಿನ ಅದು "ಮದರಾಸು ಸೀಮೆ"ಯಾಗುತ್ತಿತ್ತು. ಘಾಟಿಯ ಕೆಳಗಿನ ನಾಡು ಮೊನ್ನೆ ಮೊನ್ನೆಯವರೆಗೆ ಮದರಾಸಿಗೆ ಸೇರಿದ್ದೇ ಅಲ್ಲವೇ, ಅಲ್ಲಿಯವರಿಗೆ ಪಂಕ್ತಿಯ ಕ್ರಮ ಎಲ್ಲಿಂದ ಗೊತ್ತಿರಬೇಕು ಎಂಬುದು ಅವರ ಚಾರಿತ್ರಿಕ ಸಿದ್ಧಾಂತ. ಹೀಗೆ ವರ್ಷಗಳೇ ಉರುಳಿದ್ದವು.

ಇಂಥ ಮನೆಗೆ ಪರ್ಷಿಯಾ ದೇಶ ಬಂದದ್ದು ಖಾದರ್ ಸಾಹೇಬರ ದೆಸೆಯಿಂದ. ಬಾಳ್ಳುಪೇಟೆಯ ಲಾರಿ ವ್ಯವಹಾರವನ್ನು ತಮ್ಮಂದಿರಿಗೆ ಬಿಟ್ಟು, ಸಿನಿಮಾದ ಹುಚ್ಚಿನಿಂದ ಟೂರಿಂಗ್ ಟಾಕೀಸು ಕಟ್ಟಿಕೊಂಡವರು ಅವರು. ಸಂತೆ ಮೈದಾನದ ಪಕ್ಕ ಡೇರೆ ಹಾಕಿ ಒಂದು ಹಿಂದಿ ಚಿತ್ರ ತರಿಸಿದ್ದರು: ಪರ್ಷಿಯಾದ ಶಿರಾಜ್ ಪಟ್ಟಣದ ರಾಜಕುಮಾರ, ಮಾಂತ್ರಿಕ ಮಂತ್ರಿ, ಹಾರುವ ಜಮಖಾನ, ಇತ್ಯಾದಿ. ಹಿಂದಿ ಯಾರಿಗೂ ತಿಳಿಯದ ಊರಾದ್ದರಿಂದ, ಮೂಕಿ ಚಿತ್ರಗಳ ಕಾಲದಲ್ಲಿದ್ದಂತೆ ಮೈಕು ಹಿಡಿದು ಕನ್ನಡದಲ್ಲಿ ಕಥೆ ಹೇಳುವವನೊಬ್ಬ ಬೇಕೆಂದು ಅವರು ನನ್ನಲ್ಲಿಗೆ ಬಂದರು. ನಾನು ಒಪ್ಪಿದೆ. ಹಣದಾಸೆಯಿಂದಲ್ಲ, ದುರಾಸೆಯಿಂದ. ಸಿನಿಮಾ ನಡೆಯುತ್ತಿರುವಾಗಲೇ ಅದರ ತಪ್ಪುಗಳನ್ನು ಸಾವಿರ ಕಿವಿಗಳಿಗೆ ಸಾರುವ ಭಾಗ್ಯ ಯಾವ ಚರಿತ್ರೆ ಮೇಷ್ಟರಿಗೆ ಸಿಕ್ಕೀತು, ನೀವೇ ಹೇಳಿ.

ಎಡವಟ್ಟಾದದ್ದು ಪ್ರಚಾರದಲ್ಲಿ. ಜಟಕಾದಲ್ಲಿ ಕೂತು ತಗಡಿನ ತುತ್ತೂರಿಯಿಂದ ಕೂಗಿಕೊಂಡು ಹೋಗುವವನ ಬಾಯಿಗೆ ಶಿರಾಜ್ ಹತ್ತಲಿಲ್ಲ. ಹುಟ್ಟಿದಾಗಿನಿಂದ ಬಸ್ಸುಗಳ ಹಣೆಯ ಮೇಲೆ ಶಿರಾಡಿಯನ್ನೇ ಕಂಡವನು, "ಶಿರಾಡಿ ರಾಜಕುಮಾರನ ಘನಘೋರ ಕಾಳಗ" ಎಂದು ಊರೂರು ಸಾರಿಬಿಟ್ಟ. ನಮ್ಮ ಘಾಟಿಯನ್ನೇ ಸಿನಿಮಾ ತೆಗೆದಿದ್ದಾರೆಂದು ಮಾರನಹಳ್ಳಿ ಕಡೆಯವರು ಲಾರಿ ಮಾಡಿಕೊಂಡು ಬರುವ ಸುದ್ದಿ ಹಬ್ಬಿತು.

ಆ ಸಂಜೆ ಶಾಲೆಯಿಂದ ಬಂದರೆ, ನಿಂಗಮ್ಮ ಎಂದೂ ಇಲ್ಲದವರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಗೌಡರು ತೋಟದಿಂದ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದರು: "ಮೇಷ್ಟ್ರೇ, ಆ ಸಿನಿಮಾದಾಗೆ ಹೊಳೆ ಬತ್ತದಾ? ನಮ್ಮನೆ ಹೊಳೆ ದಂಡೇಲೇ ಐತೆ."

ಇಲ್ಲಮ್ಮ, ಅದು ಬೇರೆ ಊರು, ಸಮುದ್ರದಾಚೆ ಮರಳುಗಾಡಿನ ಮಗ್ಗುಲಲ್ಲಿದೆ ಎಂದು ಹೇಳಲು ಒಂದು ನಿಮಿಷ ಸಾಕಾಗಿತ್ತು. ಅದರ ಬದಲು ನಾನಿನ್ನೂ ನೋಡಿಲ್ಲ ಎಂದು ತೊದಲಿದೆ. ಗೌಡರಿಗೂ ಸಿನಿಮಾದ ಆಸೆಯಿತ್ತು. ಮೇಷ್ಟರು ಮೈಕಿನಲ್ಲಿ ಮಾತಾಡುತ್ತಾರಂತೆ ಎಂಬುದನ್ನೇ ನೆಪ ಮಾಡಿಕೊಂಡು, ಊರಿನ ಹೆಸರನ್ನು ಕಿವಿಗೇ ಹಾಕಿಕೊಳ್ಳದವರ ಹಾಗೆ, ಭಾನುವಾರ ಇಬ್ಬರೂ ಹೋಗೋಣವೆಂದು ಹೆಂಡತಿಗೆ ಹೇಳಿದರು. ಆಮೇಲೆ ಭಾನುವಾರದವರೆಗೆ ನನಗೆ ನಿದ್ದೆಯಿಲ್ಲ, ಪಾಠ ಮಾಡಲು ಮನಸ್ಸಿಲ್ಲ. ಹಿತ್ತಲಲ್ಲಿ ನಿಂಗಮ್ಮ ಕಂಡರೆ ಹೇಳಿಬಿಡೋಣವೆಂದು ಹೋಗುವುದು, ಅವರು ಪೆಟ್ಟಿಗೆಯಿಂದ ತೆಗೆದ ಸೀರೆಯನ್ನು ಬಿಸಿಲಿಗೆ ಹರವುತ್ತಿರುವುದನ್ನು ನೋಡಿ ಹಾಗೆಯೇ ಹಿಂದಿರುಗುವುದು.

ಈ ಚಡಪಡಿಕೆಯಲ್ಲಿ ನನ್ನ ವಿದ್ವತ್ತೂ ನನಗೆ ಕೈಕೊಟ್ಟಿತು. ಪರ್ಷಿಯಾ ಎಷ್ಟು ದೂರವೆಂದು ಮನಸ್ಸಿಗೆ ಮನವರಿಕೆ ಮಾಡಲು ಹೊರಟರೆ, ಅದು ಹತ್ತಿರ ಹತ್ತಿರವೇ ಬರತೊಡಗಿತು. ಆಲೂರು ತಾಲ್ಲೂಕು ಕಚೇರಿ ನಿಂತಿರುವುದೇ ಪರ್ಷಿಯಾದ ಭಾಷೆಯಾದ ಪಾರಸಿಯ ಹಾದಿಯಲ್ಲಿ ಬಂದ ಮಾತುಗಳ ಮೇಲೆ: ಶಿರಸ್ತೇದಾರ, ಗುಮಾಸ್ತ, ಜಮೀನು, ದಸ್ತಾವೇಜು. ಸಕಲೇಶಪುರದ ಪಕ್ಕದ ಮಂಜರಾಬಾದ್ ಕೋಟೆಯನ್ನೇ ನೋಡಿ. ಗುಡ್ಡದ ಮೇಲೆ ನಿಂತ ಸುಲ್ತಾನರು ಎಲ್ಲೆಲ್ಲೂ ಮಂಜನ್ನೇ ಕಂಡು ಆ ಹೆಸರಿಟ್ಟರೆಂದು ಊರವರ ಕಥೆ. ನಿಜವೋ ಸುಳ್ಳೋ, ಅರ್ಧ ನಮ್ಮ ಮಂಜು, ಅರ್ಧ ಊರೆಂಬ ಅರ್ಥದ ಅವರ ಆಬಾದು. ಹೋಗಲಿ, ಖುಷಿ ಎಂಬುದು ಪಾರಸಿಯಂತೆ, ಬೇಜಾರು ಎಂಬುದೂ ಪಾರಸಿಯಂತೆ. ಆ ವಾರ ನನಗೆ ಆದದ್ದೆಲ್ಲ ಎರಡನೆಯದೇ.

ಭಾನುವಾರ ಸಂಜೆಯ ಆಟಕ್ಕೆ ಡೇರೆ ಕಿಕ್ಕಿರಿದಿತ್ತು. ಗಂಡಸರ ಬೆಂಚಿನಲ್ಲಿ ಈರೇಗೌಡರು, ನಡುವೆ ಕಟ್ಟಿದ ಅಡ್ಡಪರದೆಯಾಚೆ ಹೆಂಗಸರ ಕಡೆ ಮುಂದುಗಡೆಯೇ ನಿಂಗಮ್ಮ. ನಾನು ಪ್ರೊಜೆಕ್ಟರಿನ ಪಕ್ಕ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡು, ಇದು ಪರ್ಷಿಯಾ ದೇಶದ ಶಿರಾಜ್ ನಗರವೆಂದು ಒತ್ತಿ ಹೇಳಿದೆ. ತೆರೆಯ ಮೇಲೆ ಮರಳುಗಾಡು, ಮರಳುಗಾಡಿನಲ್ಲಿ ತೆಂಗಿನ ಮರ. ಪರ್ಷಿಯಾದ ಬಾದಶಹನಿಗೆ ಮೈಸೂರು ಪೇಟ. ರಾಜಕುಮಾರಿ ಚಮಕಿ ಸೀರೆಯುಟ್ಟು ವೀಣೆ ನುಡಿಸಿದಳು. ಸೇನಾಪತಿಯ ಮುಂಗೈಯಲ್ಲಿ ವಾಚು ಹೊಳೆಯಿತು. ಒಂದನ್ನೂ ಬಿಡದೆ ನಾನು ತಿದ್ದಿದೆ: ಆ ಕಾಲಕ್ಕೆ ಇದು ಇರಲಿಲ್ಲ, ಆ ದೇಶದಲ್ಲಿ ಅದು ಬೆಳೆಯುವುದಿಲ್ಲ. ಜಮಖಾನ ಹಾರಿದಾಗ ತಂತಿ ಕಾಣುತ್ತಿರುವುದನ್ನೂ ತೋರಿಸಿಕೊಟ್ಟೆ. ಜನ ಮೊದಮೊದಲು ಸಹಿಸಿದರು, ಆಮೇಲೆ ಕೆಮ್ಮಿದರು, ಕೊನೆಗೆ "ಶಿರಾಡಿ ಎಲ್ರೀ ಮೇಷ್ಟ್ರೇ" ಎಂದು ಮಾರನಹಳ್ಳಿ ಕಡೆಯ ಗುಂಪು ಬೆಂಚು ಕುಟ್ಟತೊಡಗಿತು.

ಮಧ್ಯಂತರದಲ್ಲಿ ಖಾದರ್ ಸಾಹೇಬರು ಬಂದರು. ಗಲಾಟೆಯಾದರೆ ಅಮಲ್ದಾರರು ಡೇರೆ ಎತ್ತಿಸುತ್ತಾರೆ, ಬಾಳ್ಳುಪೇಟೆಗೆ ಹೋಗಿ ತಮ್ಮಂದಿರಿಗೆ ಹೇಗೆ ಮುಖ ತೋರಿಸಲಿ ಎಂದು ಅಲವತ್ತುಕೊಂಡರು. ಶಿರಾಡಿ ಎಂದುಬಿಡಿ, ನಿಮ್ಮ ಗಂಟೇನು ಹೋಗುತ್ತದೆ ಎಂದರು. ಸುಳ್ಳು ಹೇಳಲಾರೆನೆಂದು ನಾನು ಸತ್ಯಹರಿಶ್ಚಂದ್ರನ ಗತ್ತಿನಲ್ಲಿ ನಿಂತೆ. "ಪಾಠ ನಾಳೆ ಬೆಳಿಗ್ಗೆ ಹೇಳ್ರೀ ಮಾರಾಯ್ರೇ," ಎಂದರು ಸಾಹೇಬರು, "ಇವತ್ತು ಕಥೆ ಹೇಳಿ."

ಮತ್ತೆ ದೀಪ ಆರುವ ಮುನ್ನ ಹೆಂಗಸರ ಕಡೆ ಕಣ್ಣು ಹಾಯಿಸಿದೆ. ನಿಂಗಮ್ಮ ಸೆರಗನ್ನು ಗಲ್ಲಕ್ಕೊತ್ತಿಕೊಂಡು, ಖಾಲಿ ತೆರೆಯನ್ನೇ ನೋಡುತ್ತಾ ಕೂತಿದ್ದರು. ಆದರೂ ಶಿರಾಜ್ ಎಂದೇ ಹೇಳುವೆನೆಂದು ಹಲ್ಲು ಕಚ್ಚಿ ಮೈಕು ಎತ್ತಿದೆ. ನಾಲಗೆಯ ಸ್ವಭಾವ ನಿಮಗೂ ಗೊತ್ತಿರಬೇಕು, ಯಾವುದನ್ನು ಆಡಬಾರದೆಂದು ಕಾಯುತ್ತೇವೋ ಅದನ್ನೇ ಅದು ಆಡುತ್ತದೆ. ರಾಜಕುಮಾರ ಸೆರೆಮನೆ ಮುರಿದು ಊರಿನ ಕಡೆ ಕುದುರೆ ತಿರುಗಿಸಿದ. ನಾನು "ಈಗ ಅವನು ಶಿರಾಡಿಗೆ ಹೊರಟ" ಎಂದುಬಿಟ್ಟೆ.

ಡೇರೆಯೇ ಹಾರಿಹೋಗುವಂತೆ ಶಿಳ್ಳೆ ಬಿತ್ತು. ತಿದ್ದಲೆಂದು ಬಾಯಿ ತೆರೆದೆ, ಕೇಳುವವರು ಯಾರು? ಅಲ್ಲಿಂದ ಮುಂದೆ ನಾನೇ ಬದಲಾದೆನೋ, ಮೈಕೇ ನನ್ನನ್ನು ಬದಲಿಸಿತೋ. ಶಿರಾಡಿಯ ಕೋಟೆ, ಶಿರಾಡಿಯ ಮಹಾಜನ, ಶಿರಾಡಿಯಲ್ಲಿ ಮಗನ ಹಾದಿ ಕಾಯುವ ತಾಯಿ ಎಂದು ಹೇಳುತ್ತಾ ಹೋದೆ. ತೆರೆಯ ಮೇಲೆ ಒಂದು ಹೊಳೆಯೂ ಇರಲಿಲ್ಲ. ಅದರಿಂದಾಗಿ ಪ್ರತಿಸಲ ಆ ಹೆಸರು ಹೇಳಿದಾಗಲೂ ನಿಂಗಮ್ಮನಿಗೆ ಮೋಸ ಮಾಡುತ್ತಿದ್ದೇನೆಂದು ಒಳಗೊಳಗೇ ಕುದಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ಕಾಫಿ ಕೊಡಲು ಅವರು ಬಂದಾಗ, ತಡೆಯಲಾರದೆ ಹೇಳಿಬಿಟ್ಟೆ: ನಿನ್ನೆ ನೋಡಿದ್ದು ನಿಮ್ಮೂರಲ್ಲ, ನಾನು ಹೇಳಿದ್ದೆಲ್ಲ ತಪ್ಪು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಒಂಟೆ ಕಂಡಾಗ್ಲೇ ಗೊತ್ತಾಯ್ತು ಬುಡಿ. ನಮ್ಮೂರಾಗೆ ಒಂಟೆ ಎಲ್ಲೈತೆ?" ಎಂದರು. ಜಗಲಿಯ ಕಡೆ ನೋಡಿ ದನಿ ತಗ್ಗಿಸಿದರು. "ಆದ್ರೆ ಆ ಹೆಸ್ರು ಕೇಳಿ ಎಷ್ಟು ದಿನ ಆಗಿತ್ತು ಮೇಷ್ಟ್ರೇ. ನೀವು ಅಷ್ಟು ದೊಡ್ಡದಾಗಿ ಹೇಳ್ತಿದ್ರಿ. ಅವ್ರೂ ಎದ್ದೋಗಲಿಲ್ಲ."

ನಾನು ಲೋಟ ಹಿಡಿದು ಜಗಲಿಗೆ ಬಂದೆ. ಗೌಡರು ಅಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ನಿನ್ನೆಯ ಕತ್ತಿವರಸೆಯನ್ನು ಹೊಗಳಿದರು, ಆ ಮಂತ್ರಿಗೆ ಹಾಗೇ ಆಗಬೇಕಿತ್ತು ಎಂದರು. ಆಮೇಲೆ ನನ್ನ ಮುಖ ನೋಡದೆ, ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸುತ್ತಾ ಕೇಳಿದರು: "ಆ ಹುಡುಗನ ಊರು ಯಾವ್ದು ಅಂದ್ರಿ?"

ಇಷ್ಟು ಕಾಲ ಚರಿತ್ರೆ ಓದಿದ್ದು ಈ ಒಂದು ಪ್ರಶ್ನೆಗಾಗಿಯೇ ಏನೋ ಎನ್ನಿಸಿತು. ಸರಿಯುತ್ತರ ನಾಲಗೆಯ ತುದಿಯಲ್ಲೇ ಇತ್ತು. ನಾನು ಬಾಯಿ ತೆರೆಯುವುದರೊಳಗೆ ಬಾಗಿಲ ಹಿಂದಿನಿಂದ ನಿಂಗಮ್ಮನ ದನಿ ಬಂತು.

"ಶಿರಾಡಿ."

ಗೌಡರು ಎಲೆ ಮಡಿಸಿದರು, ಬಾಯಿಗಿಟ್ಟರು. ಬೈಯಲಿಲ್ಲ, ಎದ್ದು ಹೋಗಲಿಲ್ಲ. "ಹೂಂ, ಶಿರಾಡಿ," ಎಂದು ಅಗಿಯುತ್ತಾ ಬೀದಿಯ ಕಡೆ ನೋಡಿದರು. ಶಿರಾಜನ್ನು ನಾನು ಕಾಫಿಯ ಜೊತೆಗೇ ನುಂಗಿಕೊಂಡೆ.