ಒಲೆಗೆ ಹೋದ ವಿಮೆ ರಶೀದಿ

ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಬ್ರಿಟಿಷರ ಕಾಲ; ವರಮಾನ ತೆರಿಗೆಯ ಲೆಕ್ಕ ನೋಡುತ್ತಿದ್ದ ಹುನಗುಂದದ ಮಾಮಲೇದಾರ ಕಚೇರಿಯಲ್ಲಿ ನಾನು ಕಾರಕೂನ. ಎದುರಿಗೆ ಇಳಕಲ್ಲಿನ ನಾಲ್ಕು ಮಗ್ಗಗಳ ಯಜಮಾನ, ಅವನ ಹೆಂಡತಿ. ಜೀವವಿಮೆಗೆ ಕಟ್ಟಿದ ಹಣಕ್ಕೆ ವರಮಾನ ತೆರಿಗೆ ಬಿಡುತ್ತಿದ್ದರು, ಆದರೆ ರಶೀದಿ ತೋರಿಸಬೇಕು. ಗಡುವು ಅಂದೇ ಮುಗಿಯುತ್ತಿತ್ತು. ವಿನಾಯಿತಿ ಸಿಗದಿದ್ದರೆ ಅವನು ಒಂದು ಮಗ್ಗ ಮಾರಿ ತೆರಿಗೆ ಕಟ್ಟಬೇಕಿತ್ತು.

ರಶೀದಿ ಕೇಳಿದೆ. ಅವನು ಹೆಂಡತಿಯ ಕಡೆ ನೋಡಿದ.

“ಒಲಿಗೆ ಹಾಕೀನ್ರಿ,” ಎಂದಳು ಆಕೆ. “ಇವರು ಸತ್ತರ ನನಗ ರೊಕ್ಕ ಬರ್ತದಂತ. ಅಂಥಾ ಕಾಗದ ಮುತ್ತೈದಿ ಮನ್ಯಾಗ ಇಡಬೇಕೇನ್ರಿ?”

“ಮಗ್ಗ ಹೋತಲ್ಲ, ಹುಚ್ಚಿ,” ಎಂದ ಅವನು ಮೆಲ್ಲಗೆ.

“ಮಗ್ಗ ಹೋಗ್ಲಿ. ನೀವು ಇರ್ರಿ.”

ನನ್ನ ಮನೆಯವಳೂ ಹೀಗೇ ಮಾಡಿಯಾಳೆಂದು ನನ್ನ ವಿಮೆ ಕಾಗದವನ್ನು ನಾನು ಅವಳಿಗೆ ತಿಳಿಸದೆ ಕಚೇರಿಯಲ್ಲೇ ಇಟ್ಟಿದ್ದೆ. ಎದುರಿಗೆ ನಿಂತವಳಿಗೆ ಏನು ಬುದ್ಧಿ ಹೇಳಲಿ? ಸಂಜೆ ಐದಕ್ಕೆ ಅವರ ಅರ್ಜಿಯ ಮೇಲೆ ‘ರಶೀದಿ ಇಲ್ಲ, ಪೂರ್ತಿ ತೆರಿಗೆ’ ಎಂದು ಬರೆದು ದಫ್ತರ ಕಟ್ಟಿದೆ.