ಸಾಗರದಲ್ಲೊಂದು ಐಸ್ ಮೊಸರಿನ ಅಂಗಡಿ

ಕಾರ್ಗಲ್ಲಿನ ಶ್ಯಾಮಲಾ ಸಾಗರದ ಮೊಬೈಲ್ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಕೌಂಟರಿನ ಹಿಂದೆ ನಿಂತವಳು. ತನ್ನದೇ ಒಂದು ಅಂಗಡಿ ಇರಬೇಕೆಂಬ ಆಸೆ ಅವಳಿಗೆ ಯಾವಾಗಲೋ ಹತ್ತಿಕೊಂಡಿತ್ತು. ಎಂಥ ಅಂಗಡಿ ಎಂಬುದು ಹೊಳೆದದ್ದು ಮಾತ್ರ ಮಂಗಳೂರಿನ ಮಾಲಿನಲ್ಲಿ, ಗಂಡ ಬಾಲು ಫ್ರೋಜನ್ ಯೋಗರ್ಟ್ ಕೊಡಿಸಿದಾಗ. ಐಸ್‌ಕ್ರೀಮಿನ ಹಾಗೆ ಸುರುಳಿ ಸುತ್ತಿಕೊಂಡ ಮೊಸರು, ಸಿಹಿಯ ಬೆನ್ನಿಗೇ ಸಣ್ಣಗೆ ಹುಳಿ, ಮೇಲೆ ಮಾವಿನ ಹೋಳು. ವಾಪಸು ಬರುವ ಬಸ್ಸು ಹೊನ್ನಾವರ ಮುಟ್ಟುವ ಮೊದಲೇ ಅವಳು ಆ ಕಂಪನಿಯ ನಂಬರು ಹುಡುಕಿ ಫೋನೂ ಮಾಡಿಯಾಗಿತ್ತು.

ಕಂಪನಿಯ ತೀರ್ಥೇಶ್ ಬಂದು ಜಾಗ ನೋಡಿ ಒಪ್ಪಿದ. ಊಟದ ಹೋಟೆಲಿನ ಪಕ್ಕದ ಮಳಿಗೆಗೆ ಮೆಷಿನ್ ಬಂತು, ಬೋರ್ಡು ಏರಿತು. ಎಲ್ಲ ಊರಿನ ಹಾಗೆ ಸಂಜೆಯಿಂದ ರಾತ್ರಿವರೆಗೆ ವ್ಯಾಪಾರ ಎಂದು ಕಂಪನಿಯವರು ಹೇಳಿಕೊಟ್ಟಿದ್ದರು.

ಮೊದಲ ಸಂಜೆ ಜನವೇನೋ ಬಂದರು. ಇದೇನೆಂದು ಕೇಳಿದವರಿಗೆಲ್ಲ ಶ್ಯಾಮಲಾ ಹೆಮ್ಮೆಯಿಂದ ಮೊಸರು ಎಂದಳು. ಅಷ್ಟು ಕೇಳಿದ್ದೇ ತಡ, ತಾಯಂದಿರು ಮಕ್ಕಳ ಕೈ ಹಿಡಿದು ಹೊರಟರು. ಹೊತ್ತು ಮುಳುಗಿದ ಮೇಲೆ ಮೊಸರು ತಿಂದರೆ ಶೀತ ಆಗದೇ ಇರುತ್ತದೆಯೇ? ಶ್ಯಾಮಲಾ ಪೆಚ್ಚಾದಳು. ಆಮೇಲೆ ಅವಳಿಗೇ ನಗು ಬಂತು. ತಾನೂ ರಾತ್ರಿ ಮೊಸರು ಮುಟ್ಟುವವಳಲ್ಲ. ಮಧ್ಯಾಹ್ನ ಮಾತ್ರ ಮೊಸರನ್ನ ಉಣ್ಣದೆ ಎಲೆ ಬಿಟ್ಟು ಎದ್ದವಳೂ ಅಲ್ಲ!

ಕೂಡಲೇ ತೀರ್ಥೇಶನಿಗೆ ಫೋನ್ ಮಾಡಿ, ಅಂಗಡಿಯನ್ನು ಮಧ್ಯಾಹ್ನ ಊಟದ ಹೊತ್ತಿಗೇ ತೆರೆಯುತ್ತೇನೆ ಎಂದಳು. ಮಧ್ಯಾಹ್ನ ಎಲ್ಲಿಯೂ ಗಿರಾಕಿ ಬರುವುದಿಲ್ಲ ಎಂದು ಅವನು ಅನುಮಾನಿಸಿದ.

"ಸರ್, ಮೆಷಿನ್ ನಿಮ್ದು, ಬೋರ್ಡೂ ನಿಮ್ದೇ ಇರ್ಲಿ. ಹೊತ್ತು ಮಾತ್ರ ನಮ್ಮೂರಿಂದು ಇರ್ಲಿ," ಎಂದಳು. ಒಂದು ವಾರ ನೋಡೋಣ ಎಂದು ಅವನು ಬಿಟ್ಟುಕೊಟ್ಟ.

ಮರುದಿನ ಹೋಟೆಲಿನಿಂದ ಊಟ ಮುಗಿಸಿ ಬಂದವರ ಕೈಗೆ ಅವಳೇ ಪುಟ್ಟ ಕಪ್ಪುಗಳನ್ನು ಕೊಟ್ಟಳು. ಮದುವೆ ಜವಳಿ ಕೊಳ್ಳಲು ಮನೆಮಂದಿಯೊಂದಿಗೆ ಹೊಸನಗರದಿಂದ ಬಂದಿದ್ದ ರಂಗಮ್ಮ ಕಪ್ಪನ್ನು ಮೂಸಿ ನೋಡಿ, ಬಾಯಿಗಿಟ್ಟು, ತಳ ಕೆರೆದು ಖಾಲಿ ಮಾಡಿದರು.

"ಇನ್ನೊಂದು ಕೊಡು ತಂಗಿ," ಎಂದರು. "ಈ ಮೆಷಿನ್ನು ಮದುವೆ ಮನೆಗೆ ಬತ್ತದಾ?"

ಬರುತ್ತದೆ ಎಂದು ಶ್ಯಾಮಲಾ ಹೇಳಿಬಿಟ್ಟಳು. ಹೇಗೆ ಎಂಬುದನ್ನು ಯೋಚಿಸುವ ಕೆಲಸ ಬಾಲುವಿಗೆ ಬಿತ್ತು. ಅವನು ಕಂಪನಿಯ ಒಪ್ಪಿಗೆ ಪಡೆದು, ಪಿಕಪ್ ಗಾಡಿಯಲ್ಲಿ ಹಾಸಿಗೆಗಳ ನಡುವೆ ಮೆಷಿನ್ ಮಲಗಿಸದೆ ನಿಲ್ಲಿಸಿ, ತಗ್ಗು ಬಂದಲ್ಲೆಲ್ಲ ಉಸಿರು ಬಿಗಿಹಿಡಿದು ಹೊಸನಗರ ಮುಟ್ಟಿಸಿದ. ಅಲ್ಲಿ ಪಾಯಸ ಉಂಡವರೂ ಮೊಸರಿಗೆ ಸಾಲು ನಿಂತರು. ಮದುಮಗನೇ ಎರಡು ಸಲ ಬಂದ. ಶ್ಯಾಮಲಾಳ ಕೈ ಸೋತರೂ ಬಾಯಿ ಮುಚ್ಚಲಿಲ್ಲ, ಅಷ್ಟು ನಗು.

ಆ ಮದುವೆಯಲ್ಲೇ ಕೋಣಂದೂರಿನವರೊಬ್ಬರು ತಮ್ಮ ಮನೆಯ ನಾಮಕರಣಕ್ಕೂ ಮೆಷಿನ್ ತರಲು ಹೇಳಿದರು, ತೀರ್ಥಹಳ್ಳಿಯವರೊಬ್ಬರು ತಮ್ಮ ಖಾಲಿ ಮಳಿಗೆ ತೋರಿಸುತ್ತೇನೆ ಎಂದರು. ಈಗ ಎರಡನೇ ಅಂಗಡಿಗೆಂದು ಆ ಮಳಿಗೆಗೆ ಬಣ್ಣ ಬಳಿಯುತ್ತಿದ್ದಾರೆ. ಶ್ಯಾಮಲಾ ಹಸಿ ಬಣ್ಣಕ್ಕೆ ಸೆರಗು ತಾಗದಂತೆ ಹಿಡಿದುಕೊಂಡು, ಮೆಷಿನ್ ಎಲ್ಲಿ, ಬೆಂಚು ಎಲ್ಲಿ ಎಂದು ಬಾಲುವಿಗೆ ಗೆರೆ ಹಾಕಿ ತೋರಿಸುತ್ತಿದ್ದಾಳೆ.