ಗೋಡೆಗೆ ತಿರುಗಿ ನಿಲ್ಲುತ್ತಿದ್ದ ಮಾವ

ಬಸುರಿ ಹೆಂಗಸು ಎದುರಿಗೆ ಬಂದರೆ ಮುನಿರಾಜು ಮಾವ ಗೋಡೆಯ ಕಡೆ ತಿರುಗಿ ನಿಂತುಬಿಡುತ್ತಿದ್ದ. ದೊಡ್ಡಬಳ್ಳಾಪುರದ ಪೇಟೆಬೀದಿಯಲ್ಲಿ ಇದನ್ನು ನೋಡದವರಿಲ್ಲ. ಗೋಡೆ ಸಿಗದಿದ್ದರೆ ನಿಂತ ಲಾರಿ, ಅದೂ ಇಲ್ಲದಿದ್ದರೆ ಯಾವುದಾದರೂ ಅಂಗಡಿಯ ಷಟರ್. ಆಕೆ ದಾಟಿಹೋದ ಮೇಲೆ ಮೆಲ್ಲಗೆ ಇತ್ತ ತಿರುಗಿ, ಏನೂ ಆಗಿಲ್ಲವೆಂಬಂತೆ ನಡೆದುಬಿಡುತ್ತಿದ್ದ. ಗೊತ್ತಿಲ್ಲದ ಹೆಂಗಸರು ಎಂಥ ಮರ್ಯಾದಸ್ಥ ಎಂದುಕೊಳ್ಳುತ್ತಿದ್ದರು. ಬೀದಿಯ ಹುಡುಗರು ನಗುತ್ತಿದ್ದರು. ಕಾರಣ ತಿಳಿದಿದ್ದ ನಮ್ಮ ಮನೆಯವರಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಮಾವ ನನ್ನ ಅಮ್ಮನ ಅಣ್ಣ. ಕಪ್ಪು ಬಿಳುಪಿನ ಫೋಟೋಗಳಿಗೆ ದೊಡ್ಡ ಹೆಸರು ಮಾಡಿದವನು. ಅವನ ಚಿತ್ರಗಳು ಬೆಂಗಳೂರಿನ ಪ್ರದರ್ಶನಗಳಲ್ಲಿ ತೂಗಿದ್ದವು, ಪತ್ರಿಕೆಗಳಲ್ಲಿ ಬಂದಿದ್ದವು. ಊರೆಲ್ಲ ಮೊಬೈಲಿಗೆ ತಿರುಗಿದ ಮೇಲೂ ಅವನು ಫಿಲ್ಮ್ ಹಾಕಿ, ತಾನೇ ಕತ್ತಲೆಕೋಣೆಯಲ್ಲಿ ತೊಳೆದು ಚಿತ್ರ ಮಾಡುತ್ತಿದ್ದ. ಕೆಳಗೆ ಮಗ್ಗಗಳು ಬಡಿದುಕೊಳ್ಳುವ ಕಟ್ಟಡ, ಮೇಲೆ ಅವನ ಸ್ಟುಡಿಯೋ. ಬಣ್ಣದ ಫೋಟೋ ಕೇಳಿದವರಿಗೆ, "ಬಣ್ಣ ಬಂದ್ರೆ ಸೀರೆ ನೋಡ್ತಾರೆ ಕಣಮ್ಮ, ಮುಖ ಯಾರು ನೋಡ್ತಾರೆ?" ಅನ್ನುತ್ತಿದ್ದ. ಕ್ಯಾಮೆರಾದ ಮುಂದೆ ಕೂತವರು ಯಾರೇ ಆಗಲಿ, ಅವನದು ಒಂದೇ ಅಪ್ಪಣೆ: "ಉಸಿರು ಕಟ್ಟು." ಅವರು ಉಸಿರು ಕಟ್ಟಬೇಕು, ಅವನೂ ಕಟ್ಟುತ್ತಿದ್ದ. ಆಮೇಲೆ ಒತ್ತುತ್ತಿದ್ದ. ಅವನ ಚಿತ್ರದಲ್ಲಿ ರೆಪ್ಪೆಯ ಕೂದಲನ್ನು ಬಿಡಿಬಿಡಿಯಾಗಿ ಕಾಣಬಹುದಿತ್ತು.

ಅವನಿಗೆ ಹೆಸರು ತಂದದ್ದು ನನ್ನ ಅಮ್ಮನ ಫೋಟೋ. ನಾನು ಹೊಟ್ಟೆಯಲ್ಲಿದ್ದಾಗ ಆಗದೇ ಹೋದ ಮೊಗ್ಗಿನ ಜಡೆಯ ಆಸೆಯನ್ನು ಅಮ್ಮ ಎರಡನೇ ಬಸಿರಿನಲ್ಲಿ ತೀರಿಸಿಕೊಂಡಳು. ಅಣ್ಣನ ಸ್ಟುಡಿಯೋದಲ್ಲಿ, ಜಡೆ ಕಾಣಲೆಂದು ಬೆನ್ನಿಗೆ ದೊಡ್ಡ ಕನ್ನಡಿ ಇಟ್ಟುಕೊಂಡು ನಿಂತಳು. ಆ ಚಿತ್ರಕ್ಕೆ ಬಹುಮಾನ ಬಂತು. ಬಹುಮಾನದ ಸುದ್ದಿ ಬರುವ ಹೊತ್ತಿಗೆ ಅಮ್ಮನೂ ಇರಲಿಲ್ಲ, ಮಗುವೂ ಉಳಿದಿರಲಿಲ್ಲ. ಹೆರಿಗೆಯಲ್ಲೇ ಇಬ್ಬರೂ ಹೋಗಿದ್ದರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು? ತಂಗಿಯ ಉಸಿರು ಕೊಟ್ಟು ಹೆಸರು ತಗೊಂಡ ಅಂದರು. ಮಾವ ಅದನ್ನು ನಂಬಿದ. ಮತ್ತೆಂದೂ ಬಸುರಿಯ ಕಡೆ ಕ್ಯಾಮೆರಾ ತಿರುಗಿಸಲಿಲ್ಲ, ಬರಿಗಣ್ಣಲ್ಲೂ ನೋಡಲಿಲ್ಲ. ಮದುವೆಯನ್ನೂ ಆಗಲಿಲ್ಲ. ಮದುವೆಯಾದರೆ ಹೆಂಡತಿ ಬಸುರಿಯಾಗುತ್ತಾಳಲ್ಲ ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ಅದು ತಮಾಷೆಯಲ್ಲ ಎಂದು ನನಗೆ ಬಹಳ ತಡವಾಗಿ ತಿಳಿಯಿತು.

ನಾನೂ ಪುಕ್ಕಲಿಯೇ. ಹೆದರಿಕೆ ನಮ್ಮ ಮನೆತನಕ್ಕೆ ಬಳುವಳಿಯಾಗಿ ಬಂದದ್ದು. ನನ್ನ ಬಸಿರಿಗೆ ಏಳು ತಿಂಗಳಾದಾಗ ಬಿಪಿ ಏರಿತು, ಕಾಲು ಊದಿತು. ಸೋಂಪುರದ ಫ್ಯಾಕ್ಟರಿಯ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿ ಮಲಗಿದೆ. ಡಾಕ್ಟರಮ್ಮ "ಹುಷಾರಾಗಿರಿ" ಎಂದಷ್ಟೇ ಹೇಳಿದ್ದರು, ನಾನು ಮಾತ್ರ ಅಮ್ಮನ ದಾರಿಯೇ ನನ್ನದೂ ಎಂದು ತೀರ್ಮಾನಿಸಿಬಿಟ್ಟೆ. ಸಾಯುವ ಭಯಕ್ಕಿಂತ ಇನ್ನೊಂದು ಭಯ ದೊಡ್ಡದಾಗಿತ್ತು. ನನ್ನ ಮಗುವಿಗೆ ನನ್ನ ಮುಖ ಗೊತ್ತಿಲ್ಲದೆ ಹೋದರೆ? ನನ್ನ ಗಂಡ ರವಿ, "ಮೊಬೈಲ್ ತುಂಬಾ ನಿನ್ನ ಫೋಟೋನೇ ಇದಾವಲ್ಲೇ" ಅಂದ. ಮೊಬೈಲು ಇಂದು ಇರುತ್ತದೆ, ನಾಳೆ ಬಸ್ಸಿನಲ್ಲಿ ಬಿದ್ದುಹೋಗುತ್ತದೆ. ನಾನು ಮಾವ ತೆಗೆದ ಆ ಒಂದು ಕಾಗದದ ಅಮ್ಮನ ಜೊತೆ ಮಾತಾಡಿಕೊಂಡು ಬೆಳೆದವಳು. ನನ್ನ ಮಗುವಿಗೂ ಅಂಥದೊಂದು ಕಾಗದ ಬೇಕಿತ್ತು.

ಒಂದು ಬೆಳಿಗ್ಗೆ ಏದುಸಿರು ಬಿಡುತ್ತ ಸ್ಟುಡಿಯೋದ ಮೆಟ್ಟಿಲು ಹತ್ತಿದೆ. ನನ್ನನ್ನು ಕಂಡದ್ದೇ ಮಾವ ಗೋಡೆಗೆ ತಿರುಗಿದ.

"ಮಾವ, ನಂದೊಂದು ಫೋಟೋ ತೆಗಿ."

"ಹೋಗು ಮನೆಗೆ," ಎಂದು ಗೋಡೆಗೇ ಹೇಳಿದ. "ಹೆತ್ಕೊಂಡು ಬಾ. ಆಮೇಲೆ ಎಷ್ಟು ಬೇಕೋ ಅಷ್ಟು ತೆಗೀತೀನಿ."

"ಬರ್ದೇ ಹೋದ್ರೆ?"

ಅವನು ಹಣೆಯನ್ನು ಗೋಡೆಗೆ ಒತ್ತಿಕೊಂಡ.

"ನೀನು ಅಮ್ಮಂದು ತೆಗೀದೇ ಇದ್ದಿದ್ರೆ ನಂಗೆ ಅವಳ ಮುಖಾನೇ ಗೊತ್ತಿರ್ತಿರ್ಲಿಲ್ಲ ಮಾವ."

"ನಾನು ತೆಗೀದೇ ಇದ್ದಿದ್ರೆ ಅವಳೇ ಇರ್ತಿದ್ಲೇನೋ," ಅಂದ. "ಉಸಿರು ಕಟ್ಟು ಅಂದೆ. ಕಟ್ಟಿದ್ಲು. ಬಿಡ್ಲಾ ಅಣ್ಣ ಅಂತ ಕಣ್ಣಲ್ಲೇ ಕೇಳಿದ್ಲು. ಇನ್ನೂ ಸ್ವಲ್ಪ ತಡಿ ಅಂದ್ಬಿಟ್ಟೆ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ. ಹಟಕ್ಕೆ ಅತ್ತದ್ದಲ್ಲ, ನಿಜವಾಗಿಯೂ ಹೆದರಿ ಅತ್ತದ್ದು. ಕೆಳಗೆ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು. ಕೊನೆಗೆ ಮಾವ ಗೋಡೆ ಹಿಡಿದುಕೊಂಡೇ ಸರಿದು, ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಆ ದೊಡ್ಡ ಕನ್ನಡಿಯನ್ನು ಎಳೆದ.

"ನಿನ್ನ ತೆಗಿಯಲ್ಲ. ಕನ್ನಡೀಲಿರೋಳ್ನ ತೆಗೀತೀನಿ. ಅವಳಿಗೇನಾದ್ರೂ ಆಗ್ಲಿ."

ನನ್ನನ್ನು ಕನ್ನಡಿಗೆ ಮುಖ ಮಾಡಿ ನಿಲ್ಲಿಸಿದ. ಬೆನ್ನೂ ಚಿತ್ರಕ್ಕೆ ಬೀಳಬಾರದೆಂದು ಕಪ್ಪು ಬಟ್ಟೆಯನ್ನು ಅಡ್ಡ ಕಟ್ಟಿದ. ಕ್ಯಾಮೆರಾವನ್ನು ಓರೆಯಾಗಿಟ್ಟು ಕನ್ನಡಿಗೆ ಗುರಿ ಮಾಡಿದ. ಕಿಟಕಿಯ ಬಿಸಿಲು ನನ್ನ ಅರ್ಧ ಮುಖಕ್ಕೆ ಬಿದ್ದಿತ್ತು. ಉಸಿರು ಕಟ್ಟಿಕೊಂಡು ಕಾದೆ.

"ಕಟ್ಬೇಡ," ಎಂದು ಗದರಿದ. "ಉಸಿರಾಡ್ತಾ ಇರು. ಜೋರಾಗಿ ಆಡು. ನಂಗೆ ಕೇಳಿಸ್ಬೇಕು."

ಹೀಗೆ, ರೆಪ್ಪೆಯ ಕೂದಲು ಬಿಡಿಸಿ ತೋರಿಸುವ ಮುನಿರಾಜು ತೆಗೆದ ಚಿತ್ರಗಳಲ್ಲಿ ಅಲುಗಿದ್ದೆಂದರೆ ನನ್ನದೊಂದೇ. ಎಡಮೂಗಿನ ನನ್ನ ಮೂಗುಬೊಟ್ಟು ಬಲಕ್ಕೆ ಹೋಗಿತ್ತು. ನೆಗೆಟಿವ್ ಮಗುಚಿ ಹಾಕಿದರೆ ಸರಿಹೋಗುತ್ತಿತ್ತು. ಮಾವ ಒಪ್ಪಲಿಲ್ಲ. "ಅದು ನೀನಲ್ಲ ಅಂತ ಗೊತ್ತಾಗ್ಬೇಕು," ಅಂದ.

ಹೆರಿಗೆಯಾಯಿತು, ಹೆಣ್ಣು ಮಗು. ರಕ್ತ ಹೋಗುವುದು ಮಾತ್ರ ನಿಲ್ಲಲಿಲ್ಲ. ನನ್ನನ್ನು ಆಂಬುಲೆನ್ಸಿಗೆ ಹಾಕಿ ಬೆಂಗಳೂರಿಗೆ ಸಾಗಿಸಿದರು. ಮಾವ ಫೋನ್ ಎತ್ತದೇ ಇದ್ದುದರಿಂದ ರವಿ ಬೈಕಿನಲ್ಲಿ ಸ್ಟುಡಿಯೋಗೆ ಓಡಿದ. ಅಲ್ಲಿ ಕಂಡದ್ದನ್ನು ಅವನು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು, ಮಾವ ನೆಲದ ಮೇಲೆ ಕೂತಿದ್ದನಂತೆ. ಒಂದು ಕೈಯಲ್ಲಿ ನನ್ನ ನೆಗೆಟಿವ್, ಇನ್ನೊಂದರಲ್ಲಿ ಬೆಂಕಿಪೊಟ್ಟಣ. ಗೀರಿ ಆರಿಸಿದ ಕಡ್ಡಿಗಳು ಸುತ್ತ ಬಿದ್ದಿದ್ದವಂತೆ.

"ರವೀ, ಸುಟ್ರೆ ಉಳೀತಾಳೋ, ಸುಟ್ರೆ ಹೋಗ್ತಾಳೋ ಗೊತ್ತಾಗ್ತಿಲ್ಲ ಕಣಪ್ಪ. ನೀನೇ ಹೇಳು. ನೀನು ಹೇಳಿದಂಗೆ ಮಾಡ್ತೀನಿ."

ರವಿ ಇಂಥದ್ದನ್ನೆಲ್ಲ ನಂಬದವನು, ಆದರೂ ಆ ಹೊತ್ತಿನಲ್ಲಿ ಸುಡಿ ಅನ್ನಲೂ ಧೈರ್ಯವಾಗಲಿಲ್ಲ, ಇಡಿ ಅನ್ನಲೂ ಧೈರ್ಯವಾಗಲಿಲ್ಲ. ಕೊನೆಗೆ ಕೂಗಿಬಿಟ್ಟ: "ಅದನ್ನ ಅಲ್ಲೇ ಬಿಟ್ಟು ಎದ್ದೇಳಿ ಮಾವ. ನಿಮ್ದೂ ಅವಳ್ದೂ ಒಂದೇ ರಕ್ತ. ಬಂದು ಕೊಡಿ."

ಮಾವ ಬೈಕಿನ ಹಿಂದೆ ಕೂತು ಬಂದ. ಸೂಜಿ ಚುಚ್ಚುವ ಮೊದಲು ನರ್ಸನ್ನು ಕೇಳಿದನಂತೆ, "ನಾನು ಮುಟ್ಟಿದ್ದು ಅವಳಿಗೆ ಒಳ್ಳೇದಾಗುತ್ತಾ ನೋಡಮ್ಮ." ಆಕೆ ಇವನ ಮಾತು ಅರ್ಥವಾಗದೆ ಮುಷ್ಟಿ ಬಿಗಿ ಹಿಡಿಯಿರಿ ಅಂದಳಂತೆ.

ನಾನು ಉಳಿದೆ. ಉಳಿದು ಬಂದ ಮೇಲೂ ಮಾವ ಬೀದಿಯಲ್ಲಿ ಬಸುರಿಯರನ್ನು ಕಂಡರೆ ಗೋಡೆಗೆ ತಿರುಗುವುದನ್ನು ಬಿಡಲಿಲ್ಲ. "ನಾನು ಬದುಕಿದೀನಲ್ಲ ಮಾವ" ಎಂದರೆ, "ನೀನು ಕನ್ನಡಿ ದೆಸೆಯಿಂದ ಬದುಕಿದೆ" ಅನ್ನುತ್ತಿದ್ದ. ಅವನ ಜೊತೆ ವಾದ ಮಾಡಿ ಗೆದ್ದವರಿಲ್ಲ.

ನಾನು ಅವನನ್ನು ಕೊನೆಯ ಸಲ ನೋಡಿದ್ದು ಹೋದ ಮಾಗಿಯಲ್ಲಿ. ಉಬ್ಬಸ ಹೆಚ್ಚಾಗಿ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ನನ್ನ ಮಗಳು ಇಂಚರ, ಎರಡನೇ ಕ್ಲಾಸು, ನನ್ನ ಮೊಬೈಲ್ ಎತ್ತಿ ಅವನ ಮುಖಕ್ಕೆ ಹಿಡಿದಳು. ಮಾವ ತನ್ನ ಫೋಟೋ ತೆಗೆಯಲು ಯಾರಿಗೂ ಬಿಟ್ಟವನಲ್ಲ. ನಾನು ಅವಳ ಕೈ ಹಿಡಿದೆ.

"ಬಿಡು, ತೆಗೀಲಿ," ಅಂದ ಮಾವ. "ನನ್ನತ್ರ ಇನ್ನೇನಿದೆ ತಗೊಂಡು ಹೋಗೋಕೆ? ಪುಟ್ಟಿ, ಕಿಟಕಿ ನಿನ್ನ ಬೆನ್ನಿಗೆ ಬರೋ ಹಂಗೆ ನಿಂತ್ಕೋ. ಹಾಂ, ಈಗ ಒತ್ತು."

ಚೆನ್ನಾಗಿ ಬಂದಿತ್ತು. ಮುಂದಿನ ವಾರ ಮಾವ ತೀರಿಕೊಂಡ. ಬೇರೆ ಫೋಟೋ ಇಲ್ಲದ್ದರಿಂದ ಅದನ್ನೇ ಕಪ್ಪು ಬಿಳುಪು ಮಾಡಿಸಿ ತಿಥಿಗೆ ಇಟ್ಟೆವು. ಊಟಕ್ಕೆ ಬಂದಿದ್ದ ಯಾರೋ ಅದನ್ನು ನೋಡಿ ಏನೋ ಅಂದಿರಬೇಕು. ಎಲ್ಲರೂ ಹೋದ ಮೇಲೆ ಇಂಚರ ಬಂದು ನನ್ನ ಮುಂದೆ ನಿಂತಳು.

"ಅಮ್ಮ, ನಾನು ಫೋಟೋ ತೆಗೆದಿದ್ದಕ್ಕೇ ತಾತ ಸತ್ತೋದ್ರಾ?"

ಇಲ್ಲ ಅಂದೆ. ಅವಳು ನಂಬಲಿಲ್ಲ. ಆ ಕಣ್ಣುಗಳಲ್ಲಿದ್ದದ್ದನ್ನು ನಾನು ಮೊದಲೇ ಬಲ್ಲೆ, ಒಬ್ಬ ಮನುಷ್ಯನ ಇಡೀ ಬಾಳನ್ನು ಅದು ತಿಂದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಮೊಬೈಲನ್ನು ಅವಳ ಕೈಗೆ ಕೊಟ್ಟು, "ಈಗ ನಂದು ತೆಗಿ," ಅಂದೆ. ಬೇಡ ಬೇಡ ಎಂದು ಅತ್ತಳು. ಬಿಡಲಿಲ್ಲ. ಸುಳ್ಳೇಕೆ ಹೇಳಲಿ, ಅವಳ ಮುಂದೆ ನೆಟ್ಟಗೆ ನಿಂತಾಗ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ತೆಗೆದಳು. ಆಮೇಲೆ ಮಲಗುವವರೆಗೂ ನನ್ನ ಸೆರಗು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳು ಸೀದಾ ಅಡುಗೆಮನೆಗೆ ಬಂದಳು. ನಾನು ರೊಟ್ಟಿ ತಟ್ಟುತ್ತಿದ್ದೆ. ಬಾಗಿಲಲ್ಲೇ ನಿಂತು ನನ್ನನ್ನು ಚೆನ್ನಾಗಿ ನೋಡಿದಳು. ಹೋಗಿ ಮತ್ತೆ ಮಲಗಿದಳು. ಮಾವನಿಗೆ ಅಂಥದೊಂದು ಬೆಳಿಗ್ಗೆ ಸಿಗಲೇ ಇಲ್ಲ.